ಚಿಂತಾಮಣಿಗೆ ಮೂಗು ಬೇಕು, ಬಾಗೇಪಲ್ಲಿಗೆ ಬೇಡ

ಮಾಗಿ ಚಳಿ ಬಿಗಿಯಾಗಿ ರಾಗಿ ಒಕ್ಕಣೆ ಶುರುವಾದರೆ ಸಾಕು, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಮನೆಗೊಬ್ಬರಿಗಾದರೂ ಮೂಗು ಕಟ್ಟಿರುತ್ತದೆ. ಬೆಳಗಿನ ಮಂಜು ಒಂದು ಕಡೆ, ರಸ್ತೆಗೆ ಹಾಸಿದ ತೆನೆಯಿಂದ ಏಳುವ ಹೊಟ್ಟಿನ ದೂಳು ಇನ್ನೊಂದು ಕಡೆ. ದೊಡ್ಡವರಿಗೆ ವಾರದಲ್ಲಿ ಇಳಿಯುತ್ತದೆ. ಕೆಲವು ಮಕ್ಕಳಿಗೆ ಇಳಿಯುವುದೇ ಇಲ್ಲ. ಬಾಯಿ ತೆರೆದೇ ಮಲಗುತ್ತವೆ, ಗೊರಕೆ ಹೊಡೆಯುತ್ತವೆ, ಆಡುವ ಮಾತು ಸ್ಪಷ್ಟವಾಗಿರುವುದಿಲ್ಲ. ಶಾಲೆಗೆ ಬಂದ ಆರೋಗ್ಯ ತಪಾಸಣೆಯವರು ಚೀಟಿಯಲ್ಲಿ 'ಅಡಿನಾಯ್ಡ್' (ಮೂಗಿನ ಹಿಂದೆ ಇರುವ ಗಂಟಿನಂಥ ಮಾಂಸ) ಎಂದು ಬರೆದು ಜಿಲ್ಲಾಸ್ಪತ್ರೆಗೆ ಕಳಿಸುತ್ತಾರೆ. ಮನೆಯಲ್ಲಿ ಪ್ರಶ್ನೆಗಳು ಏಳುತ್ತವೆ: ಮೂಗಿಗೂ ಮಾತಿಗೂ ಏನು ಸಂಬಂಧ? ಆಪರೇಷನ್ ಮಾಡಿಸಲೇಬೇಕೆ? ಬಿಟ್ಟರೆ ತಾನಾಗಿ ಸರಿಹೋಗುತ್ತದೆಯೆ?

'ಮಗು ಮೂಗಲ್ಲಿ ಮಾತಾಡುತ್ತೆ' ಎಂದು ನಾವು ಹೇಳುವುದು ಎರಡು ತದ್ವಿರುದ್ಧ ತೊಂದರೆಗಳಿಗೆ. ಒಂದರಲ್ಲಿ ಗಾಳಿ ಮೂಗಿಗೆ ಹೋಗಬೇಕಾದಾಗ ಹೋಗುವುದಿಲ್ಲ. ಇನ್ನೊಂದರಲ್ಲಿ ಹೋಗಬಾರದಾಗ ಹೋಗಿಬಿಡುತ್ತದೆ. ಮೊದಲನೆಯದಕ್ಕೆ ಮಾಡುವ ಆಪರೇಷನ್ ಎರಡನೆಯದನ್ನು ಇನ್ನಷ್ಟು ಕೆಡಿಸಬಹುದು. ಹಾಗಾಗಿ ಚೀಟಿ ಹಿಡಿದು ಹೊರಡುವ ಮೊದಲು ಒಳಗಿನ ದಾರಿಗಳು ಹೇಗಿವೆ ಎಂದು ತಿಳಿದಿದ್ದರೆ ಒಳ್ಳೆಯದು.

## ಮೂಗು ಹಿಡಿದು ಊರ ಹೆಸರು ಹೇಳಿ

ಹೆಬ್ಬೆರಳು, ತೋರುಬೆರಳಿನಿಂದ ಮೂಗನ್ನು ಬಿಗಿಯಾಗಿ ಹಿಡಿದು 'ಬಾಗೇಪಲ್ಲಿ' ಎನ್ನಿ. ಏನೂ ವ್ಯತ್ಯಾಸ ಆಗುವುದಿಲ್ಲ. ಪಾವಗಡ, ಕೊರಟಗೆರೆ, ಕೋಲಾರ, ಚಿಕ್ಕಬಳ್ಳಾಪುರ ಎಲ್ಲವೂ ಸಲೀಸಾಗಿ ಬರುತ್ತವೆ. ಈಗ 'ಚಿಂತಾಮಣಿ' ಎನ್ನಿ. 'ಚಿದ್ತಾಬಡಿ' ಎಂಬಂತೆ ಏನೋ ಹೊರಡುತ್ತದೆ. ತುಮಕೂರು 'ತುಬಕೂರು' ಆಗುತ್ತದೆ, ಮಾಲೂರು 'ಬಾಲೂರು' ಆಗುತ್ತದೆ. 'ಮ' ಹೇಳಲು ಹೊರಟಾಗ ಬೆರಳಿನಡಿ ಹೊಳ್ಳೆಗಳು ಉಬ್ಬಿ ನಡುಗುವುದೂ ಗೊತ್ತಾಗುತ್ತದೆ. ಗಾಳಿ ಅಲ್ಲಿಗೆ ಬಂದು ದಾರಿ ಸಿಗದೆ ನಿಂತಿದೆ.

ಇನ್ನೂ ಚೆನ್ನಾಗಿ ನೋಡಬೇಕೆಂದರೆ 'ನಮ್ಮಮ್ಮನ ಮನೆ ಮಣ್ಣಿನ ಮನೆ' ಎಂದು ಹೇಳಿ ನೋಡಿ. ಈ ವಾಕ್ಯದ ಒಂದೊಂದು ವ್ಯಂಜನವೂ ಮೂಗಿನದು. ಮೂಗು ಮುಚ್ಚಿದರೆ 'ದಬ್ಬಬ್ಬದ ಬದೆ ಬಡ್ಡಿದ ಬದೆ' ಆಗುತ್ತದೆ. ನೆಗಡಿಯಾದವರ ಮಾತು ಬದಲಾಗುವುದು ಹೀಗೆಯೇ. ಇದನ್ನು ಮೂಗಿನಲ್ಲಿ ಮಾತಾಡುವುದು ಎನ್ನುತ್ತೇವಾದರೂ ಆಗಿರುವುದು ಅದರ ಉಲ್ಟಾ. ಮಾತಿಗೆ ಮೂಗು ಸಿಗುತ್ತಿಲ್ಲ.

## ಗಂಟಲ ಹಿಂದಿನ ಕವಲು

ಶ್ವಾಸಕೋಶದಿಂದ ಮೇಲೆ ಬಂದ ಗಾಳಿ ಮೊದಲು ಧ್ವನಿಪೆಟ್ಟಿಗೆಯನ್ನು ದಾಟಬೇಕು. ಅಲ್ಲಿನ ಎರಡು ಧ್ವನಿತಂತುಗಳು ಗಂಡಸರಲ್ಲಿ ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರಲ್ಲಿ 200ರ ಆಸುಪಾಸು, ಚಿಕ್ಕಮಕ್ಕಳಲ್ಲಿ 300ರ ಆಸುಪಾಸು ಕಂಪಿಸುತ್ತವೆ. ಅಲ್ಲಿ ಹುಟ್ಟುವುದು ಬರೀ ಗುಂಯ್ ಎನ್ನುವ ಸದ್ದು. ಅದರಲ್ಲಿ ಇನ್ನೂ ಅಕ್ಷರ ಇಲ್ಲ. ಧ್ವನಿತಂತುವಿನಿಂದ ತುಟಿಯವರೆಗಿನ ದಾರಿ ವಯಸ್ಕ ಗಂಡಸಿನಲ್ಲಿ ಸುಮಾರು 17 ಸೆಂಟಿಮೀಟರ್, ಹೆಂಗಸರಲ್ಲಿ ಸುಮಾರು 14. ಈ ಗೇಣುದ್ದದ ಜಾಗದಲ್ಲಿ ನಾಲಿಗೆ, ದವಡೆ, ತುಟಿ ಸೇರಿ ಟೊಳ್ಳಿನ ಆಕಾರ ಬದಲಿಸುತ್ತವೆ. ಆಕಾರ ಬದಲಾದರೆ ಯಾವ ಕಂಪನ ಜೋರಾಗಿ ಕೇಳಬೇಕು, ಯಾವುದು ಅಡಗಬೇಕು ಎಂಬುದೂ ಬದಲಾಗುತ್ತದೆ. ದವಡೆ ಇಳಿದು ನಾಲಿಗೆ ತಗ್ಗಿದರೆ 'ಆ', ನಾಲಿಗೆಯ ಮುಂಭಾಗ ಅಂಗುಳದ ಹತ್ತಿರಕ್ಕೆ ಏರಿದರೆ 'ಇ', ತುಟಿ ದುಂಡಗಾಗಿ ನಾಲಿಗೆಯ ಹಿಂಭಾಗ ಏರಿದರೆ 'ಉ'.

ಗಂಟಲ ಮೇಲ್ಭಾಗದಲ್ಲಿ ಈ ದಾರಿ ಕವಲೊಡೆಯುತ್ತದೆ. ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಇಟ್ಟು ನಿಧಾನವಾಗಿ ಹಿಂದಕ್ಕೆ ಸರಿಸಿ. ಮೊದಲು ಗಟ್ಟಿ ಅಂಗುಳ ಸಿಗುತ್ತದೆ, ಅದರೊಳಗೆ ಮೂಳೆ ಇದೆ. ಇನ್ನೂ ಹಿಂದೆ ಹೋದರೆ ನಾಲಿಗೆಗೆ ಮೆತ್ತಗೆ ಸೋಕುವ ಜಾಗ ಬರುತ್ತದೆ. ಅದು ಮೆತ್ತನೆ ಅಂಗುಳ, ಬಹುಪಾಲು ಸ್ನಾಯು. ಅದರ ತುದಿಯಲ್ಲಿ ಜೋತಾಡುವುದೇ ಕಿರುನಾಲಿಗೆ. ತೋಟಕ್ಕೆ ನೀರು ಹಾಯಿಸುವವರು ಕಾಲುವೆ ಕವಲಾಗುವಲ್ಲಿ ಒಂದು ಗುದ್ದಲಿ ಮಣ್ಣು ಎಳೆದು ನೀರನ್ನು ಈ ಸಾಲಿಗೆ ಇಲ್ಲವೇ ಆ ಸಾಲಿಗೆ ತಿರುಗಿಸುತ್ತಾರಲ್ಲ, ಮೆತ್ತನೆ ಅಂಗುಳ ಮಾಡುವುದೂ ಅದೇ ಕೆಲಸ. ಮೇಲೆದ್ದು ಗಂಟಲ ಹಿಂಗೋಡೆಗೆ ಒತ್ತಿಕೊಂಡರೆ ಮೂಗಿನ ದಾರಿ ಬಂದ್, ಗಾಳಿಯೆಲ್ಲ ಬಾಯಿಗೆ. ಕೆಳಗಿಳಿದರೆ ಮೂಗಿಗೂ ದಾರಿ.

ನುಂಗುವಾಗ ಅದು ಏಳುತ್ತದೆ, ಇಲ್ಲದಿದ್ದರೆ ಕುಡಿದ ನೀರು ಮೂಗಿನಲ್ಲಿ ಬಂದೀತು. ಸುಮ್ಮನೆ ಉಸಿರಾಡುವಾಗ ಇಳಿದಿರುತ್ತದೆ. ಮಾತಾಡುವಾಗ ಮಾತ್ರ ಅದಕ್ಕೆ ಬಿಡುವಿಲ್ಲ. 'ಚಿಂತಾಮಣಿ'ಯ 'ಚಿ'ಗೆ ಎದ್ದಿರಬೇಕು, 'ನ್' ಬರುವಷ್ಟರಲ್ಲಿ ಇಳಿಯಬೇಕು, 'ತಾ'ಕ್ಕೆ ಮತ್ತೆ ಏಳಬೇಕು, 'ಮಣಿ'ಗೆ ಮತ್ತೆ ಇಳಿಯಬೇಕು. ಇಷ್ಟೂ ಒಂದು ಸೆಕೆಂಡಿನೊಳಗೆ.

ಕಣ್ಣಾರೆ ನೋಡಬಹುದು. ಕನ್ನಡಿ ಮುಂದೆ ನಿಂತು ಬಾಯಿಗೆ ಟಾರ್ಚ್ ಬಿಟ್ಟು 'ಆ' ಎನ್ನಿ. ಕಿರುನಾಲಿಗೆ ಸರ್ರನೆ ಮೇಲೆ ಹೋಗುತ್ತದೆ. ಬಾಯಿ ಹಾಗೇ ತೆರೆದಿಟ್ಟು ಮೂಗಿನಿಂದ ಉಸಿರು ಬಿಡಿ, ಇಳಿದು ಜೋತುಬೀಳುತ್ತದೆ. ಗಂಟಲು ನೋಡುವ ಡಾಕ್ಟರು 'ಆ ಅನ್ನಿ' ಎನ್ನುವುದು ಇದಕ್ಕೇ. ಆ ಸ್ವರಕ್ಕೆ ನಾಲಿಗೆ ತಗ್ಗುತ್ತದೆ, ಅಂಗುಳ ಏಳುತ್ತದೆ, ನಡುವೆ ಗಂಟಲು ಕಾಣುತ್ತದೆ.

## ವರ್ಗದ ಐದನೆಯ ಅಕ್ಷರ

ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ ವರ್ಣಮಾಲೆ ಈ ಬಾಯಿಯ ನಕಾಶೆಯೇ ಹೌದು. ಕ-ವರ್ಗ ಗಂಟಲ ಹತ್ತಿರ, ಚ-ವರ್ಗ ಅಂಗುಳದಲ್ಲಿ, ಟ-ವರ್ಗ ನಾಲಿಗೆ ಮೇಲಕ್ಕೆ ಮಡಚಿದಲ್ಲಿ, ತ-ವರ್ಗ ಹಲ್ಲಿನಲ್ಲಿ, ಪ-ವರ್ಗ ತುಟಿಯಲ್ಲಿ. ಒಳಗಿನಿಂದ ಹೊರಕ್ಕೆ ಕ್ರಮವಾಗಿ ಬಂದಿದೆ. ಪ್ರತಿ ವರ್ಗದ ಐದನೆಯದು ಮೂಗಿನ ಅಕ್ಷರ: ಙ, ಞ, ಣ, ನ, ಮ.

ಮೂರನೆಯ ಅಕ್ಷರಕ್ಕೂ ಐದನೆಯದಕ್ಕೂ ಇರುವ ವ್ಯತ್ಯಾಸ ಅಂಗುಳ ಎದ್ದಿದೆಯೋ ಇಳಿದಿದೆಯೋ ಎಂಬುದಷ್ಟೇ. 'ಬ'ಕ್ಕೆ ತುಟಿ ಮುಚ್ಚಿದೆ, ಧ್ವನಿತಂತು ಕಂಪಿಸುತ್ತಿದೆ. ಅದೇ ಸ್ಥಿತಿಯಲ್ಲಿ ಅಂಗುಳ ಇಳಿಸಿದರೆ 'ಮ'. ಹಾಗೆಯೇ ದ–ನ, ಡ–ಣ. ನೆಗಡಿ ಐದನೆಯ ಅಕ್ಷರವನ್ನು ಸರಿಯಾಗಿ ಮೂರನೆಯದಕ್ಕೆ ತಂದು ನಿಲ್ಲಿಸುವುದು ಈ ಕಾರಣಕ್ಕೆ. 'ಮ' ಕೆಟ್ಟರೆ 'ಬ'ವೇ ಆಗುತ್ತದೆ, 'ಗ' ಆಗುವುದಿಲ್ಲ.

ಙ, ಞ ಬರೆಯುವುದು ಅಪರೂಪವಾದರೂ ಆಡುವುದು ದಿನವೂ ಇದೆ. ಅಂಗಡಿ, ಮಂಚ, ಗಂಟೆ, ದಂತ, ಕಂಬ ಎಂದು ನಿಧಾನವಾಗಿ ಹೇಳಿದರೆ ಒಂದೇ ಸೊನ್ನೆ ಐದು ಕಡೆ ಐದು ಜಾಗದಿಂದ ಹೊರಡುವುದು ಗೊತ್ತಾಗುತ್ತದೆ. ಮುಂದಿನ ಅಕ್ಷರ ಎಲ್ಲಿ ಹುಟ್ಟಬೇಕೋ ನಾಲಿಗೆ ಮೊದಲೇ ಅಲ್ಲಿಗೆ ಹೋಗಿ ಕಾದಿರುತ್ತದೆ. ಬಾಗೇಪಲ್ಲಿ, ಪಾವಗಡದ ಕಡೆ ಮನೆಯಲ್ಲಿ ತೆಲುಗು ಆಡುವವರಿಗೂ ಇದೇ ಲೆಕ್ಕ.

ಉಳಿದ ವ್ಯಂಜನಗಳ ಕಥೆ ಬೇರೆ. ಪ, ಬ, ಟ, ತ, ಕ ಹೇಳಲು ಬಾಯೊಳಗೆ ಗಾಳಿ ಒತ್ತಡದಿಂದ ತುಂಬಿ ಒಮ್ಮೆಲೇ ಸಿಡಿಯಬೇಕು. ಸ, ಶ, ಚಗಳಿಗೆ ಕಿರಿದಾದ ಸಂದಿಯಲ್ಲಿ ಗಾಳಿ ರಭಸದಿಂದ ನುಗ್ಗಬೇಕು. ಮೆತ್ತನೆ ಅಂಗುಳದ ಬಾಗಿಲು ಸರಿಯಾಗಿ ಮುಚ್ಚದೆ ಗಾಳಿ ಮೂಗಿಗೆ ಸೋರಿದರೆ ಒತ್ತಡ ಕಟ್ಟುವುದೇ ಇಲ್ಲ. ಆಗ ಚಿಂತಾಮಣಿಗಿಂತ ಚಿಕ್ಕಬಳ್ಳಾಪುರ ಕಷ್ಟವಾಗುತ್ತದೆ.

## ಮೂಗಿನೊಳಗೆ ಗಾಳಿಗೆ ಆಗುವುದೇನು

ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ 12ರಿಂದ 18 ಸಲ, ಸಲಕ್ಕೆ ಅರ್ಧ ಲೀಟರಿನಷ್ಟು ಗಾಳಿ ಎಳೆದುಕೊಳ್ಳುತ್ತಾರೆ. ದಿನಕ್ಕೆ ಹತ್ತು ಸಾವಿರ ಲೀಟರಿನ ಸುಮಾರು. ಅಷ್ಟನ್ನೂ ಹದಮಾಡಿ ಒಳಗೆ ಬಿಡುವುದು ಮೂಗಿನ ಕೆಲಸ.

ಮೂಗಿನ ಎರಡು ಕೋಣೆಗಳ ನಡುವೆ ಒಂದು ಗೋಡೆ ಇದೆ, ಮುಂದೆ ಮೃದ್ವಸ್ಥಿ, ಹಿಂದೆ ಮೂಳೆ. ಪ್ರತಿ ಕೋಣೆಯ ಪಕ್ಕದ ಗೋಡೆಯಿಂದ ಮೂರು ಸುರುಳಿ ಮೂಳೆಗಳು ಒಂದರ ಕೆಳಗೊಂದು ಚಾಚಿಕೊಂಡಿವೆ. ಅವುಗಳ ಮೇಲಿನ ಪೊರೆಯ ತುಂಬ ರಕ್ತನಾಳ. ಗಾಳಿ ಇವುಗಳ ಸಂದಿಯಲ್ಲಿ ತಿರುಗಿ ಹೋಗುವಾಗ ಬಿಸಿಯಾಗುತ್ತದೆ, ತೇವ ಹೀರುತ್ತದೆ. ಚಿಕ್ಕಬಳ್ಳಾಪುರದ ಜನವರಿ ಬೆಳಗಿನ 15 ಡಿಗ್ರಿ ಗಾಳಿ ಗಂಟಲು ಮುಟ್ಟುವಷ್ಟರಲ್ಲಿ 30 ಡಿಗ್ರಿ ದಾಟಿರುತ್ತದೆ. ಪಾವಗಡದ ಬೇಸಿಗೆಯ ಒಣ ಗಾಳಿಯೂ ಒದ್ದೆಯಾಗಿಯೇ ಒಳಗೆ ಹೋಗುತ್ತದೆ.

ದೂಳಿನ ಲೆಕ್ಕ ಗಾತ್ರದ ಮೇಲೆ. ಹತ್ತು ಮೈಕ್ರಾನಿಗಿಂತ ದಪ್ಪ ಕಣಗಳಲ್ಲಿ ಬಹುಪಾಲು ಮೂಗಿನ ಕೂದಲಿಗೆ, ಅಂಟು ಸಿಂಬಳಕ್ಕೆ ಸಿಕ್ಕಿಬೀಳುತ್ತವೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಸಿಂಬಳದ ಪದರದ ಕೆಳಗೆ ಕಣ್ಣಿಗೆ ಕಾಣದ ರೋಮಗಳಿವೆ. ಅವು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬಡಿಯುತ್ತ ಆ ಪದರವನ್ನು ನಿಮಿಷಕ್ಕೆ ಕೆಲವು ಮಿಲಿಮೀಟರಿನಂತೆ ಗಂಟಲ ಕಡೆಗೆ ಸಾಗಿಸುತ್ತವೆ. ಗೊತ್ತಿಲ್ಲದೆ ನುಂಗಿಬಿಡುತ್ತೇವೆ, ಹೊಟ್ಟೆಯ ಆಮ್ಲ ಉಳಿದದ್ದನ್ನು ನೋಡಿಕೊಳ್ಳುತ್ತದೆ. ರಾಗಿ ಹೊಟ್ಟಿನ ದಪ್ಪ ದೂಳಿಗೆ ಈ ವ್ಯವಸ್ಥೆ ಸಾಕು. ಒಕ್ಕಣೆ ಮಾಡಿದ ದಿನ ಸಿಂಬಳ ಕಪ್ಪಗೆ ಬಂದರೆ ಮೂಗು ಕೆಲಸ ಮಾಡಿದೆ ಎಂದೇ ಅರ್ಥ.

ಕಲ್ಲು ಕ್ರಷರ್, ಕ್ವಾರಿಯ ದೂಳಿಗೆ ಮೂಗು ಸಾಲದು. ಅದರಲ್ಲಿ ಐದು ಮೈಕ್ರಾನಿಗಿಂತ ಸಣ್ಣ ಸಿಲಿಕಾ ಕಣಗಳಿರುತ್ತವೆ. ಅವು ಮೂಗು ದಾಟಿ ಶ್ವಾಸಕೋಶದ ತುದಿಯ ಗೂಡುಗಳವರೆಗೆ ಹೋಗುತ್ತವೆ. ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರನ್ನು ಕಾಡಿದ ಸಿಲಿಕೋಸಿಸ್ ಇದರಿಂದಲೇ ಬರುವ ಕಾಯಿಲೆ, ಬಂದರೆ ವಾಸಿಯಾಗುವುದಿಲ್ಲ. ಇನ್ನೊಂದು ಸಂಗತಿ ಇದೆ. ಮೈಮುರಿಯುವ ಕೆಲಸದಲ್ಲಿ ಗಾಳಿಯ ಬೇಡಿಕೆ ನಿಮಿಷಕ್ಕೆ 35–40 ಲೀಟರ್ ದಾಟಿದಾಗ ಬಹುತೇಕರು ತಾವಾಗಿ ಬಾಯಿ ತೆರೆಯುತ್ತಾರೆ, ಏಕೆಂದರೆ ಗಾಳಿ ದಾರಿಯ ಒಟ್ಟು ತಡೆಯಲ್ಲಿ ಅರ್ಧದಷ್ಟು ಮೂಗಿನದೇ. ಅಂದರೆ ದೂಳು ಹೆಚ್ಚಿರುವ ಹೊತ್ತಿಗೆ ಸರಿಯಾಗಿ ಮೂಗಿನ ಕಾವಲು ತಪ್ಪುತ್ತದೆ. ಮುಖಕ್ಕೆ ಸುತ್ತಿದ ಟವೆಲ್, ಒದ್ದೆ ಮಾಡಿದ್ದರೂ, ಈ ಸಣ್ಣ ಕಣಗಳನ್ನು ತಡೆಯುವುದಿಲ್ಲ. ಕೆನ್ನೆಗೆ ಸಂದಿಲ್ಲದಂತೆ ಕೂರುವ ಎನ್95 ಮಾಸ್ಕೇ ಬೇಕು, ಕಲ್ಲಿಗೆ ನೀರು ಸಿಂಪಡಿಸಿ ದೂಳು ಏಳದಂತೆ ಮಾಡಿದರೆ ಇನ್ನೂ ಮೇಲು.

## ಒಂದೇ ಹೊಳ್ಳೆ ಕಟ್ಟುವುದು

'ಎಡಗಡೆ ಮೂಗು ಕಟ್ಟಿರುತ್ತೆ, ಮೂಳೆ ಬೆಳೆದಿದೆಯಂತೆ' ಎನ್ನುವವರು ಬಹಳ. ಮೂಳೆ ಬಾಗಿರುವುದು, ಸುರುಳಿಗಳು ಊದಿರುವುದು ಎರಡೂ ಉಂಟು. ಆದರೆ ಆರೋಗ್ಯವಂತರಲ್ಲೂ ಹೊಳ್ಳೆಗಳು ಸರದಿಯ ಮೇಲೆ ಕಟ್ಟುತ್ತವೆ. ಒಂದು ಕಡೆಯ ಪೊರೆಗೆ ರಕ್ತ ತುಂಬಿ ಊದಿಕೊಂಡಾಗ ಇನ್ನೊಂದು ಕಡೆ ಕುಗ್ಗುತ್ತದೆ, ಕೆಲವು ಗಂಟೆಗಳಲ್ಲಿ ಅದಲುಬದಲು. ಮಗ್ಗುಲಲ್ಲಿ ಮಲಗಿದರೆ ಕೆಳಗಿನ ಹೊಳ್ಳೆ ಕಟ್ಟುವುದೂ ಸಹಜ. ಕಟ್ಟುವ ಕಡೆ ಬದಲಾಗುತ್ತಿದ್ದರೆ ಚಿಂತೆ ಬೇಡ. ತಿಂಗಳುಗಟ್ಟಲೆ ಒಂದೇ ಕಡೆ ಕಟ್ಟಿದ್ದರೆ, ಅಲ್ಲಿಂದ ರಕ್ತ ಬರುತ್ತಿದ್ದರೆ ತೋರಿಸಬೇಕು. ಚಿಕ್ಕಮಗುವಿಗೆ ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಗೊಣ್ಣೆ ಬರುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಹುಣಸೆಬೀಜ, ಕಡಲೆಕಾಳು, ಮಣಿ ಏನಾದರೂ ಒಳಗೆ ಸಿಕ್ಕಿಕೊಂಡಿರುವುದನ್ನು. ಪಿನ್ನು, ಕಡ್ಡಿ ಹಾಕಿ ಮನೆಯಲ್ಲೇ ತೆಗೆಯಲು ಹೋಗಬೇಡಿ, ಅದು ಇನ್ನೂ ಹಿಂದಕ್ಕೆ ಜಾರುತ್ತದೆ.

## ಅಡಿನಾಯ್ಡ್ ಎಂದರೆ

ಮೂಗಿನ ಹಿಂಭಾಗದಲ್ಲಿ, ಮೆತ್ತನೆ ಅಂಗುಳದ ಮೇಲ್ಗಡೆ ಇರುವ ಗಂಟಿನಂಥ ಮಾಂಸ ಇದು. ಸೋಂಕಿನ ವಿರುದ್ಧ ಹೋರಾಡುವ ಅಂಗಾಂಶ, ಟಾನ್ಸಿಲ್‌ನ ಬಳಗದ್ದು. ಬಾಯಿ ತೆರೆದರೆ ಕಾಣುವುದಿಲ್ಲ. ಮೂರರಿಂದ ಏಳು ವರ್ಷದ ಮಕ್ಕಳಲ್ಲಿ ದೊಡ್ಡದಾಗಿರುತ್ತದೆ, ಹದಿಹರೆಯದ ಹೊತ್ತಿಗೆ ತಾನಾಗಿ ಕರಗುತ್ತದೆ. ತೀರ ಊದಿದರೆ ಮೂಗಿನ ಹಿಂಬಾಗಿಲು ಮುಚ್ಚಿದಂತಾಗಿ ಮಗು ಬಾಯಿಂದ ಉಸಿರಾಡುತ್ತದೆ. ಮುಚ್ಚಿದ ಬಾಯಲ್ಲಿ ನಾಲಿಗೆ ಅಂಗುಳಕ್ಕೆ ಒರಗಿ ಮೇಲ್ದವಡೆಯ ಅಗಲವನ್ನು ಕಾಯುತ್ತದೆ. ಸದಾ ಬಾಯಿ ತೆರೆದಿರುವ ಮಗುವಿನ ನಾಲಿಗೆ ಕೆಳಗಿರುವುದರಿಂದ ವರ್ಷಗಳಲ್ಲಿ ಅಂಗುಳ ಕಿರಿದಾಗಿ ಎತ್ತರವಾಗಬಹುದು, ಮುಂದಿನ ಹಲ್ಲು ಚಾಚಬಹುದು. ಬಾಯಿ ಒಣಗುವುದರಿಂದ ಹಲ್ಲು ಹುಳುಕಾಗುವುದೂ ಹೆಚ್ಚು.

ಕಿವಿಯ ಒಳಗಿನಿಂದ ಬರುವ ಸಣ್ಣ ನಾಳವೂ ಅಲ್ಲೇ ಪಕ್ಕದಲ್ಲಿ ತೆರೆದುಕೊಳ್ಳುತ್ತದೆ. ಅಡಿನಾಯ್ಡ್ ಅದನ್ನು ಒತ್ತಿದರೆ ಕಿವಿತಮಟೆಯ ಹಿಂದೆ ನೀರು ಕಟ್ಟಿ ಮಗುವಿಗೆ ಮಂದವಾಗಿ ಕೇಳುತ್ತದೆ. ಕೇಳಿದ್ದು ಮಂದವಾದರೆ ಆಡುವುದೂ ಮಂದ. ಟಿವಿ ಜೋರು ಮಾಡುವ, ಕರೆದರೆ ತಿರುಗದ ಮಗುವನ್ನು ಹಟಮಾರಿ ಎಂದು ಬೈಯುವ ಮೊದಲು ಕಿವಿ ಪರೀಕ್ಷೆ ಮಾಡಿಸಿ.

ಎಲ್ಲ ಅಡಿನಾಯ್ಡಿಗೂ ಕತ್ತರಿ ಬೇಡ. ಅಲರ್ಜಿಯಿಂದ ಊದಿದ್ದರೆ ಡಾಕ್ಟರು ಮೊದಲು ಕೆಲವು ವಾರ ಮೂಗಿನ ಸ್ಪ್ರೇ ಕೊಟ್ಟು ನೋಡುತ್ತಾರೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು, ಕಿವಿಯಲ್ಲಿ ತಿಂಗಳುಗಟ್ಟಲೆ ನೀರು ಉಳಿಯುವುದು, ಪದೇ ಪದೇ ಸೋಂಕು, ಇವಿದ್ದರೆ ಆಪರೇಷನ್ ಮಾತು ಬರುತ್ತದೆ.

## ಕಟ್ಟಿದ ಮೂಗೋ, ಸೋರುವ ಅಂಗುಳವೋ

ಇದನ್ನು ಬೇರ್ಪಡಿಸಲು ಒಂದು ಪುಟ್ಟ ಕನ್ನಡಿ, ಇಲ್ಲದಿದ್ದರೆ ಹೊಳೆಯುವ ತಣ್ಣನೆ ಸ್ಟೀಲ್ ಚಮಚ ಸಾಕು. ಮಗುವಿನ ಹೊಳ್ಳೆಯ ಕೆಳಗೆ ಅಡ್ಡವಾಗಿ ಹಿಡಿಯಿರಿ. ಮಾತು ಶುರುವಾದ ಮೇಲೆ ಹಿಡಿದು, ಮುಗಿಯುವ ಮೊದಲೇ ತೆಗೆಯಬೇಕು. ಇಲ್ಲವಾದರೆ ಉಸಿರಿನ ಆವಿಯೇ ಕೂತು ಲೆಕ್ಕ ತಪ್ಪುತ್ತದೆ.

ಮೊದಲು 'ಮಮಮಮ' ಹೇಳಿಸಿ. ಕನ್ನಡಿ ಮಂಜಾಗಬೇಕು. ಆಗದಿದ್ದರೆ ಮೂಗು ಕಟ್ಟಿದೆ. ಆಮೇಲೆ ಒರೆಸಿ 'ಪಪಪಪ', 'ಸಸಸಸ' ಹೇಳಿಸಿ, 'ತಾತ ಪೇಟೆಗೆ ಬಸ್ ಹತ್ತಿ ಹೋದ' ಎಂದೂ ಹೇಳಿಸಿ. ಈ ವಾಕ್ಯದಲ್ಲಿ ಮೂಗಿನ ಅಕ್ಷರ ಒಂದೂ ಇಲ್ಲ, ಕನ್ನಡಿ ತಿಳಿಯಾಗಿರಬೇಕು. ಮಂಜಾದರೆ ಗಾಳಿ ಮೇಲೆ ಸೋರುತ್ತಿದೆ. ಸೋರುವ ಮಗುವಿನ 'ಬಸ್' 'ಮಸ್' ಆದಂತೆ ಕೇಳುತ್ತದೆ, 'ಪ', 'ಕ'ಗಳ ಜಾಗದಲ್ಲಿ ಗಂಟಲಲ್ಲೇ ಬಿಕ್ಕಿದಂಥ ಸದ್ದು ಬರುತ್ತದೆ. ಕುಡಿದ ಹಾಲು ಮೂಗಿನಲ್ಲಿ ಬರುವುದೂ ಉಂಟು. ಇದು ಸುಳಿವಷ್ಟೇ, ಖಚಿತ ಮಾಡುವವರು ತಜ್ಞರು.

ಸೋರುವುದಕ್ಕೆ ಮುಖ್ಯ ಕಾರಣ ಸೀಳು ಅಂಗುಳ. ಕಣ್ಣಿಗೆ ಕಾಣುವ ಸೀಳಾದರೆ ಹುಟ್ಟಿದಾಗಲೇ ಗೊತ್ತಾಗುತ್ತದೆ. ಕಷ್ಟ ಕೊಡುವುದು ಮರೆಯ ಸೀಳು: ಮೇಲಿನ ಚರ್ಮ ಕೂಡಿಕೊಂಡಿದ್ದು ಒಳಗಿನ ಸ್ನಾಯು ಕೂಡಿರುವುದಿಲ್ಲ. ಕಿರುನಾಲಿಗೆಯ ತುದಿ ಎರಡಾಗಿ ಸೀಳಿರುವುದು, ಅಂಗುಳದ ನಡುವೆ ನೀಲಿಛಾಯೆಯ ಗೆರೆ, ಗಟ್ಟಿ ಅಂಗುಳದ ಹಿಂದಿನ ಅಂಚಿನಲ್ಲಿ ಕೈಗೆ ಸಿಗುವ ಕಚ್ಚು ಇದರ ಗುರುತು. ಇಂಥ ಮಗುವಿನಲ್ಲಿ ಕುಳ್ಳಗಿನ ಅಂಗುಳ ಊದಿದ ಅಡಿನಾಯ್ಡಿಗೆ ಒತ್ತಿಕೊಂಡು ಹೇಗೋ ಬಾಗಿಲು ಮುಚ್ಚುತ್ತಿರುತ್ತದೆ. ಅಡಿನಾಯ್ಡ್ ತೆಗೆದ ದಿನದಿಂದ ಮುಚ್ಚಲು ಏನೂ ಉಳಿಯದೆ ಮಾತೆಲ್ಲ ಮೂಗಿಗೆ ಹೋಗುತ್ತದೆ. ಆದ್ದರಿಂದ ಆಪರೇಷನ್‌ಗೆ ಒಪ್ಪುವ ಮೊದಲು 'ಅಂಗುಳ ಪರೀಕ್ಷೆ ಮಾಡಿದ್ದೀರಾ ಸಾರ್?' ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಸೋರುವ ಮಾತಿಗೆ ಬಲೂನು, ಪೀಪಿ ಊದಿಸಿ ಎನ್ನುವ ಸಲಹೆ ಎಲ್ಲೆಲ್ಲೂ ಕೇಳುತ್ತದೆ. ಊದುವಾಗ ಅಂಗುಳ ಏಳುವ ರೀತಿ ಬೇರೆ, ಮಾತಿನಲ್ಲಿ ಏಳುವ ರೀತಿ ಬೇರೆ, ಅದರಿಂದ ಮಾತು ಸುಧಾರಿಸುವುದಿಲ್ಲ. ಬಜೆ ತೇಯ್ದು ನಾಲಿಗೆಗೆ ಹಚ್ಚುವುದರಿಂದಲೂ ಅಂಗುಳದ ಸೀಳು ಕೂಡುವುದಿಲ್ಲ.

## ಉಪ್ಪುನೀರು, ಡ್ರಾಪ್ಸ್, ಮುಲಾಮು

ಕಟ್ಟಿದ ಮೂಗಿಗೆ ಎಲ್ಲಕ್ಕಿಂತ ಅಗ್ಗದ, ಸುರಕ್ಷಿತ ಉಪಾಯ ಉಪ್ಪುನೀರಿನ ತೊಳೆತ. 250 ಮಿಲಿಲೀಟರ್ ನೀರಿಗೆ ಎರಡು ಗ್ರಾಂಗೆ ತುಸು ಹೆಚ್ಚು ಉಪ್ಪು, ಅಂದರೆ ಅರ್ಧ ಟೀ ಚಮಚಕ್ಕೆ ತುಸು ಕಡಿಮೆ, ಜೊತೆಗೆ ಚಿಟಿಕೆ ಅಡುಗೆ ಸೋಡಾ. ಇದು ರಕ್ತದ ಉಪ್ಪಿನ ಹದಕ್ಕೆ ಹತ್ತಿರ. ಉಪ್ಪು ಕಡಿಮೆಯಾದರೆ ಪೊರೆಯ ಕೋಶಗಳಿಗೆ ನೀರು ನುಗ್ಗಿ ಮೂಗು ಉರಿಯುತ್ತದೆ. ನೀರನ್ನು ಕಡ್ಡಾಯವಾಗಿ ಕುದಿಸಿ ಆರಿಸಬೇಕು. ಕುದಿಸದ ನೀರಿನಲ್ಲಿರಬಹುದಾದ ಒಂದು ಅಮೀಬಾ ಮೂಗಿನ ಮೂಲಕ ಮಿದುಳಿಗೆ ಹೋಗಿ ಪ್ರಾಣ ತೆಗೆಯಬಲ್ಲದು. ಕುಡಿದರೆ ಅದು ಏನೂ ಮಾಡುವುದಿಲ್ಲ, ಮೂಗಿಗೆ ಹೋದರೆ ಅಪಾಯ. ಮುಂದಕ್ಕೆ ಬಾಗಿ, ತಲೆ ಓರೆ ಮಾಡಿ, ಬಾಯಿಂದ ಉಸಿರಾಡುತ್ತ ಮೇಲಿನ ಹೊಳ್ಳೆಗೆ ನಿಧಾನವಾಗಿ ಬಿಟ್ಟರೆ ಕೆಳಗಿನದರಿಂದ ಹೊರಬರುತ್ತದೆ. ತೀರ ಚಿಕ್ಕವರಿಗೆ ಮೆಡಿಕಲ್ ಸ್ಟೋರಿನ ಉಪ್ಪುನೀರಿನ ಡ್ರಾಪ್ಸ್ ಸಾಕು.

ಆಕ್ಸಿಮೆಟಾಜೋಲಿನ್ ಥರದ ಡ್ರಾಪ್ಸ್ ಕ್ಷಣದಲ್ಲಿ ಮೂಗು ಬಿಡಿಸುತ್ತವೆ, ಪೊರೆಯ ರಕ್ತನಾಳ ಕುಗ್ಗುತ್ತದೆ. ಮೂರು ದಿನ, ಹೆಚ್ಚೆಂದರೆ ಐದು ದಿನ ಬಳಸಬಹುದು. ಮುಂದುವರಿಸಿದರೆ ಔಷಧಿ ಇಳಿದಾಗಲೆಲ್ಲ ಮೊದಲಿಗಿಂತ ಹೆಚ್ಚು ಊದಿಕೊಂಡು, ಡ್ರಾಪ್ಸ್ ಇಲ್ಲದೆ ಉಸಿರೇ ಆಡದ ಸ್ಥಿತಿ ಬರುತ್ತದೆ. ಮೆಂತಾಲ್ ಮುಲಾಮು ಇನ್ನೊಂದು ಬಗೆ. ತಂಪಿನ ನರಗಳನ್ನು ತಟ್ಟಿ ಮೂಗು ಬಿಟ್ಟಂತೆ ಅನಿಸುವ ಹಾಗೆ ಮಾಡುತ್ತದೆ, ಹೋಗುವ ಗಾಳಿ ಅಷ್ಟೇ ಇರುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು, ಕರ್ಪೂರವನ್ನು ಹಚ್ಚಬೇಡಿ.

## ಯಾವಾಗ, ಎಲ್ಲಿ ತೋರಿಸುವುದು

ಹಸುಗೂಸಿಗೆ ಮೊದಲ ಕೆಲವು ತಿಂಗಳು ಮೂಗೇ ಮುಖ್ಯ ದಾರಿ. ಮೂಗು ಕಟ್ಟಿ ಹಾಲು ಕುಡಿಯಲಾಗದೆ ನೀಲಿಗಟ್ಟಿದರೆ ಅದು ತುರ್ತು, ತಡ ಮಾಡದೆ ಆಸ್ಪತ್ರೆಗೆ ಓಡಬೇಕು. ಸೀಳು ಅಂಗುಳದ ಕೂಸು ಬಾಯಲ್ಲಿ ಎಳೆತ ಕಟ್ಟಲಾರದು. ಕುತ್ತಿಗೆ, ತಲೆ ಎತ್ತರಿಸಿ ಕೂರಿಸಿದಂತೆ ಹಿಡಿದು, ಹಿಂಡಿದ ಎದೆಹಾಲನ್ನು ಒಳಲೆಯಲ್ಲೋ ಚಮಚದಲ್ಲೋ ಸ್ವಲ್ಪ ಸ್ವಲ್ಪವೇ ಕುಡಿಸಿ, ನಡುವೆ ತೇಗಿಸಬೇಕು. ತುಟಿಯ ಆಪರೇಷನ್ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ, ಅಂಗುಳದ್ದು 9ರಿಂದ 18 ತಿಂಗಳಲ್ಲಿ. ಮಾತು ಕೂಡಿಬರುವ ಮೊದಲೇ ಬಾಗಿಲು ಸಿದ್ಧವಾಗಿರಲಿ ಎಂದೇ ಈ ಲೆಕ್ಕ. ತಡವಾದರೆ ಮಗು ಗಂಟಲಲ್ಲೇ ಸದ್ದು ಕಟ್ಟುವ ಅಭ್ಯಾಸ ಕಲಿತುಬಿಡುತ್ತದೆ, ಆಮೇಲೆ ಅದನ್ನು ಬಿಡಿಸಲು ಬಹಳ ಕಾಲದ ವಾಕ್ ಚಿಕಿತ್ಸೆ ಬೇಕು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬಂದು 18 ವರ್ಷದೊಳಗಿನವರನ್ನು ನೋಡುತ್ತವೆ. ಸೀಳು ತುಟಿ, ಸೀಳು ಅಂಗುಳ, ಕಿವುಡು ಅವರ ಪಟ್ಟಿಯಲ್ಲಿವೆ, ಚಿಕಿತ್ಸೆ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿಗೆ ಹೋಗಬೇಕೆಂದು ಹೇಳುತ್ತಾರೆ. ಮಾತಿನ ವಿವರವಾದ ಪರೀಕ್ಷೆ, ತರಬೇತಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಹೋಗುವಾಗ ಹಳೆಯ ಚೀಟಿಗಳ ಜೊತೆ ಫೋನಿನಲ್ಲಿ ಎರಡು ವಿಡಿಯೊ ಇಟ್ಟುಕೊಳ್ಳಿ. ಮಗು ಗಾಢ ನಿದ್ದೆಯಲ್ಲಿರುವಾಗಿನ ಎರಡು ನಿಮಿಷ, ಎದೆ, ಬಾಯಿ ಎರಡೂ ಕಾಣುವಂತೆ. ಇನ್ನೊಂದು, ಮಗು ತನ್ನ ಪಾಡಿಗೆ ಆಟದಲ್ಲಿ ಮಾತಾಡುತ್ತಿರುವಾಗಿನದು. ಡಾಕ್ಟರ ಮುಂದೆ ಎಷ್ಟೋ ಮಕ್ಕಳು ಬಾಯಿಯನ್ನೇ ಬಿಡುವುದಿಲ್ಲ.